ಐರಿಷ್ ಮನೆತನದ ಹೆಸರುಗಳು ಮತ್ತು ಕೆಲ್ಟಿಕ್ ಮೂಲದ ಶೋಧ

ಐರ್ಲೆಂಡಿನಲ್ಲಿ ಮನೆತನದ ಹೆಸರು ತಂದೆಯಿಂದ ಮಕ್ಕಳಿಗೆ ಇಳಿದು ಬರುವ ಪದ್ಧತಿ 10-11ನೇ ಶತಮಾನದ ಹೊತ್ತಿಗೇ ಬೇರೂರಿತ್ತು. ಯುರೋಪಿನಲ್ಲಿ ಇಷ್ಟು ಹಳೆಯ ಪದ್ಧತಿ ಅಪರೂಪ. ಹೆಸರಿನ ಮುಂದಿನ ‘ಮ್ಯಾಕ್’ ಎಂದರೆ ಮಗ, ‘ಓ’ ಎಂದರೆ ಮೊಮ್ಮಗ ಅಥವಾ ವಂಶದವನು. 1014ರಲ್ಲಿ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದ ಅರಸ ಬ್ರಿಯಾನ್ ಬೋರುವಿನ ಸಂತತಿಯವರೇ ಓ’ಬ್ರಿಯನ್‌ಗಳು.

ಈ ಹೆಸರುಗಳು ಹಾಗೆಯೇ ಉಳಿಯಲಿಲ್ಲ. ಡಬ್ಲಿನ್ ಸುತ್ತಮುತ್ತ ಇಂಗ್ಲಿಷರ ಆಳ್ವಿಕೆಯಲ್ಲಿದ್ದ ಐರಿಷರು ಊರು, ಬಣ್ಣ, ಕಸುಬು ಇಲ್ಲವೇ ಹುದ್ದೆಯ ಇಂಗ್ಲಿಷ್ ಹೆಸರು ಇಟ್ಟುಕೊಳ್ಳಬೇಕೆಂದು 1465ರ ಕಾಯಿದೆ ವಿಧಿಸಿತು. ಮುಂದೆ ‘ಓ’, ‘ಮ್ಯಾಕ್’ಗಳನ್ನು ಕೈಬಿಟ್ಟವರಿಗೆ ಲೆಕ್ಕವಿಲ್ಲ. ಕ್ಯಾವನ್ ಸೀಮೆಯಲ್ಲಿ ‘ಕಮ್ಮಾರನ ಮಗ’ ಎಂಬರ್ಥದ ಮ್ಯಾಕ್‌ಗವನ್ ಮನೆತನದವರು ಬಹುಮಟ್ಟಿಗೆ ಸ್ಮಿತ್‌ಗಳಾದರು. ಇಂಗ್ಲೆಂಡಿನಿಂದ ಬಂದು ನೆಲೆಸಿದ ಸ್ಮಿತ್‌ಗೂ ಅವರಿಗೂ ಕಾಗದದಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಕಾಗದವೂ ಪೂರ್ತಿ ಉಳಿದಿಲ್ಲ: 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದೊಂದಿಗೆ ಸುಟ್ಟುಹೋದವು.

ವಂಶವಾಹಿ ಪರೀಕ್ಷೆ ನೆರವಿಗೆ ಬಂದದ್ದು ಇಲ್ಲಿ. ವೈ ಕ್ರೋಮೋಸೋಮ್ ಕೂಡ ಹೆಸರಿನಂತೆ ತಂದೆಯಿಂದ ಮಗನಿಗೆ ಬರುತ್ತದೆ. 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಶ್ಚಿಮದ ಕನಾಟ್ ಪ್ರಾಂತ್ಯದಲ್ಲಿ ಗೇಲಿಕ್ ಹೆಸರಿನ ಗಂಡಸರ ಪೈಕಿ ಸುಮಾರು 98% ಮಂದಿ ಇಂದು ಆರ್1ಬಿ ಎನ್ನಲಾಗುವ ಒಂದೇ ಗುಂಪಿನವರು. ಹೊರಗಿನಿಂದ ಬಂದ ಹೆಸರಿನವರಲ್ಲಿ ಈ ಪ್ರಮಾಣ ಕಡಿಮೆ. 2006ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ವಾಯವ್ಯ ಭಾಗದ ಐವರಲ್ಲಿ ಒಬ್ಬ ಗಂಡಸಿನಲ್ಲಿ ಹತ್ತಿರದ ಸಂಬಂಧ ತೋರುವ ವೈ ಗುರುತನ್ನು ಕಂಡರು. ಗ್ಯಾಲಹರ್, ಬಾಯ್ಲ್, ಡೊಹರ್ಟಿ ಮೊದಲಾದ ಹೆಸರುಗಳಲ್ಲಿ ಅದು ದಟ್ಟವಾಗಿತ್ತು. ಮಧ್ಯಯುಗದ ವಂಶಾವಳಿಗಳು ಇವರನ್ನೆಲ್ಲ 5ನೇ ಶತಮಾನದ ಅರಸ ನಿಯಾಲ್‌ನ ಕುಲಕ್ಕೆ ಸೇರಿಸುತ್ತವೆ. ಆ ಗುರುತು ನಿಯಾಲ್‌ನದೇ ಎಂದು ಬರೆಯಲು ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ಆದರೆ ಆ ಗುರುತು ನಿಯಾಲ್‌ನಿಗಿಂತ ಹಳೆಯದೆಂದು ನಂತರದ ಲೆಕ್ಕಾಚಾರಗಳು ತೋರಿಸಿವೆ. ದತ್ತು, ವಿವಾಹಬಾಹಿರ ಜನನ, ಒಡೆಯನ ಹೆಸರನ್ನೇ ಇಟ್ಟುಕೊಂಡ ಆಳುಗಳು, ಇವೆಲ್ಲ ಹೆಸರಿಗೂ ರಕ್ತಕ್ಕೂ ಇರುವ ನಂಟನ್ನು ಕಡಿಯುತ್ತವೆ.

ಅದಕ್ಕೂ ಹಿಂದಿನ ‘ಕೆಲ್ಟಿಕ್’ ಮೂಲದ ಮಾತು ಇನ್ನಷ್ಟು ಜಟಿಲ. ಐರಿಷ್, ವೆಲ್ಷ್, ಕಾರ್ನಿಷ್, ಬ್ರೆಟನ್ ಭಾಷೆಗಳ ನಂಟನ್ನು ವೆಲ್ಷ್ ವಿದ್ವಾಂಸ ಎಡ್ವರ್ಡ್ ಲುಯ್ಡ್ 1707ರಲ್ಲಿ ವಿವರಿಸಿದ. ‘ಕೆಲ್ಟಿಕ್’ ಎಂಬುದು ಆ ಭಾಷೆಗಳ ಕುಟುಂಬ, ಜನರದಲ್ಲ. ಬ್ರಿಟಿಷ್ ದ್ವೀಪಗಳ 2,039 ಜನರನ್ನು ಪರೀಕ್ಷಿಸಿದ 2015ರ ಅಧ್ಯಯನಕ್ಕೆ ಕೆಲ್ಟಿಕ್ ಎನ್ನಬಹುದಾದ ಒಂದು ಗುಂಪು ಸಿಗಲಿಲ್ಲ; ವೇಲ್ಸ್ ಮತ್ತು ಕಾರ್ನ್‌ವಾಲ್ ಜನರ ವಂಶವಾಹಿ ಬೇರೆಬೇರೆಯಾಗಿ ನಿಂತಿತು. ಐರ್ಲೆಂಡಿನ ಉತ್ತರ ತೀರದ ರಾತ್ಲಿನ್ ದ್ವೀಪದಲ್ಲಿ ಅಸ್ಥಿ ಸಿಕ್ಕ, ಸುಮಾರು 4,000 ವರ್ಷ ಹಿಂದಿನ ಮೂವರು ಗಂಡಸರು ಆಗಲೇ ಆರ್1ಬಿ ಗುಂಪಿನವರಾಗಿದ್ದರು, ಇಂದಿನ ಐರಿಷರನ್ನು ಹೋಲುತ್ತಿದ್ದರು. ಕೆಲ್ಟರದೆನ್ನಲಾಗುವ ಹಾಲ್‌ಸ್ಟಾಟ್ ಸಂಸ್ಕೃತಿಯ ಕಬ್ಬಿಣಯುಗಕ್ಕಿಂತ ಅವರು ಸಾವಿರ ವರ್ಷ ಹಿಂದಿನವರು. ಮಾರುಕಟ್ಟೆಯ ಪರೀಕ್ಷಾ ವರದಿಗಳು ಇಂತಿಷ್ಟು ಶೇಕಡಾ ಕೆಲ್ಟಿಕ್ ಅಥವಾ ಐರಿಷ್ ಎಂದು ಕೊಡುವ ಲೆಕ್ಕ ಬರುವುದು ಮುಖ್ಯವಾಗಿ ಇಂದು ಬದುಕಿರುವವರ ಮಾದರಿಗಳೊಂದಿಗಿನ ಹೋಲಿಕೆಯಿಂದ.