ಸರ್ಲ್ ತೀರ್ಪು: ದಕ್ಷಿಣ ಆಫ್ರಿಕಾದಲ್ಲಿ ಭಾರತೀಯ ಮದುವೆಗಳ ಮಾನ್ಯತೆಯ ಹೋರಾಟ

1913ರ ಮಾರ್ಚ್ 14ರಂದು ಕೇಪ್ ಪ್ರಾಂತ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಸರ್ಲ್ ಕೊಟ್ಟ ತೀರ್ಪು ದಕ್ಷಿಣ ಆಫ್ರಿಕಾದ ಭಾರತೀಯರ ದಾಂಪತ್ಯದ ಬುಡಕ್ಕೇ ಪೆಟ್ಟು ಕೊಟ್ಟಿತು. ಕೇಪ್‌ನಲ್ಲಿ ನೆಲೆಸಿದ್ದ ಹಸನ್ ಈಸಪ್ ಭಾರತದಲ್ಲಿ ಇಸ್ಲಾಂ ಪದ್ಧತಿಯಂತೆ ಬಾಯಿ ಮರಿಯಮ್ ಅವರನ್ನು ಮದುವೆಯಾಗಿ ಜೊತೆಗೆ ಕರೆತಂದಿದ್ದರು. ವಲಸೆ ಅಧಿಕಾರಿಗಳು ಆಕೆಗೆ ಪ್ರವೇಶ ನಿರಾಕರಿಸಿದರು. ಗಂಡ ನ್ಯಾಯಾಲಯದ ಮೊರೆ ಹೋದರೂ ಅಧಿಕಾರಿಗಳ ನಿಲುವೇ ಗೆದ್ದಿತು.

ಅಲ್ಲಿ ನೆಲೆಸಿದವರ ಹೆಂಡತಿಗೆ ಪ್ರವೇಶ ಕೊಡಲು ಕಾನೂನಿನಲ್ಲಿ ಅವಕಾಶವಿತ್ತು. ಹೆಂಡತಿ ಯಾರು ಎಂಬುದೇ ತಕರಾರು. ಒಬ್ಬ ಗಂಡು, ಒಬ್ಬ ಹೆಣ್ಣಿನ ಕಟ್ಟು ಮಾತ್ರ ಮದುವೆ ಎಂಬ ವ್ಯಾಖ್ಯೆಯನ್ನು ಇಂಗ್ಲೆಂಡಿನ ನ್ಯಾಯಾಲಯ 1866ರ ಹೈಡ್ ಪ್ರಕರಣದಲ್ಲೇ ಮುಂದಿಟ್ಟಿತ್ತು. ಸರ್ಲ್ ಅವರ ತೀರ್ಪೂ ಅದೇ ದಾರಿ ಹಿಡಿಯಿತು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಲ್ಲಿ ನಡೆದ ಮದುವೆಗೆ, ಗಂಡನಿಗೆ ಒಬ್ಬಳೇ ಹೆಂಡತಿಯಿದ್ದರೂ, ಮಾನ್ಯತೆ ಸಿಗದಾಯಿತು. ಆಗ ಹಿಂದೂ ಕಾನೂನಿನಲ್ಲೂ ಬಹುಪತ್ನಿತ್ವಕ್ಕೆ ತಡೆಯಿರಲಿಲ್ಲ. ಹಾಗಾಗಿ ಒಬ್ಬ ಮುಸ್ಲಿಂ ಮಹಿಳೆಯ ಪ್ರಕರಣ ಹಿಂದೂ ಕುಟುಂಬಗಳನ್ನೂ ತಟ್ಟಿತು. ಮಕ್ಕಳ ವಾರಸುದಾರಿಕೆಗೂ ಕುತ್ತು ಬರುವ ಭಯ ಹುಟ್ಟಿತು.

ಈ ತೀರ್ಪನ್ನು ಎದುರಿಸುವುದು ಹೇಗೆಂದು ಅಲ್ಲಿನ ಭಾರತೀಯರ ಸತ್ಯಾಗ್ರಹ ಸಂಘ ಸಭೆ ಸೇರಿ ಚರ್ಚಿಸಿತು. ಸರ್ಕಾರದ ಬೆಂಬಲವಿಲ್ಲದೆ ಇಂಥ ವಿಷಯದಲ್ಲಿ ಮೇಲ್ಮನವಿಯಿಂದ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಕಾನೂನನ್ನೇ ತಿದ್ದಬೇಕೆಂದು ಗಾಂಧೀಜಿ ಸರ್ಕಾರವನ್ನು ಕೋರಿದರು. ಅದೇ ವರ್ಷದ ಹೊಸ ವಲಸೆ ಕಾಯ್ದೆ ಅವರಿಗೆ ಸಮಾಧಾನ ತರಲಿಲ್ಲ. ಅಲ್ಲಿಯವರೆಗೆ ಹೆಂಗಸರನ್ನು ಜೈಲಿಗೆ ಕಳಿಸಲು ಹಿಂಜರಿದಿದ್ದ ಚಳವಳಿ ಈಗ ಅವರಿಗೆ ಬಾಗಿಲು ತೆರೆಯಿತು. ಅವಮಾನ ಹೆಂಡತಿಯರ ಸ್ಥಾನಕ್ಕೇ ಆಗಿದ್ದರಿಂದ ಉತ್ತರ ಕೊಡುವ ಹಕ್ಕೂ ಅವರದಾಗಿತ್ತು.

1913ರ ಸೆಪ್ಟೆಂಬರಿನಲ್ಲಿ ನೇಟಾಲ್‌ನಲ್ಲಿದ್ದ ಗಾಂಧೀಜಿಯ ಫೀನಿಕ್ಸ್ ಆಶ್ರಮದ 16 ಜನರ ತಂಡ ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿತು. ಕಸ್ತೂರಬಾ ಸೇರಿ ನಾಲ್ವರು ಮಹಿಳೆಯರು ಅದರಲ್ಲಿದ್ದರು. ಎಲ್ಲರಿಗೂ ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ಟ್ರಾನ್ಸ್‌ವಾಲ್‌ನಿಂದ ಹೊರಟ ಇನ್ನೊಂದು ತಂಡದಲ್ಲಿ ಹೆಚ್ಚಿನವರು ತಮಿಳು ಮಹಿಳೆಯರು. ಅವರು ನೇಟಾಲ್‌ನ ನ್ಯೂಕಾಸಲ್‌ನಲ್ಲಿದ್ದ ಕಲ್ಲಿದ್ದಲು ಗಣಿಗಳಿಗೆ ಹೋಗಿ, ಕರಾರು ಮುಗಿಸಿದ ಕೂಲಿಗಳ ಮೇಲಿದ್ದ ವರ್ಷಕ್ಕೆ 3 ಪೌಂಡ್ ತೆರಿಗೆಯ ವಿರುದ್ಧ ಮುಷ್ಕರ ಹೂಡುವಂತೆ ಕಾರ್ಮಿಕರನ್ನು ಹುರಿದುಂಬಿಸಿದರು. ಮದುವೆಯ ಪ್ರಶ್ನೆ ಮತ್ತು ತೆರಿಗೆಯ ಪ್ರಶ್ನೆ ಒಂದಾದದ್ದು ಹೀಗೆ. ನವೆಂಬರ್ 6ರಂದು ಮುಷ್ಕರ ಹೂಡಿದ ಎರಡು ಸಾವಿರಕ್ಕೂ ಹೆಚ್ಚು ಜನ ಗಾಂಧೀಜಿಯೊಡನೆ ಟ್ರಾನ್ಸ್‌ವಾಲ್ ಕಡೆಗೆ ನಡೆದರು. ಜೈಲಿನಲ್ಲಿ ಕಾಯಿಲೆ ಬಿದ್ದ ಹದಿಹರೆಯದ ಸತ್ಯಾಗ್ರಹಿ ವಳ್ಳಿಯಮ್ಮ ಬಿಡುಗಡೆಯಾದ ಸ್ವಲ್ಪ ದಿನಗಳಲ್ಲೇ, 1914ರ ಫೆಬ್ರವರಿಯಲ್ಲಿ, ತೀರಿಕೊಂಡಳು.

ಒತ್ತಡ ಹೆಚ್ಚಿದಾಗ ಸರ್ಕಾರ ಸಾಲೊಮನ್ ಆಯೋಗವನ್ನು ನೇಮಿಸಿತು. ಅದರ ಶಿಫಾರಸು ಮತ್ತು ಗಾಂಧೀಜಿ ಹಾಗೂ ಸಚಿವ ಸ್ಮಟ್ಸ್ ನಡುವಿನ ಮಾತುಕತೆಯ ಫಲವಾಗಿ 1914ರಲ್ಲಿ ಭಾರತೀಯರ ಪರಿಹಾರ ಕಾಯ್ದೆ ಬಂದಿತು. ಅಲ್ಲಿ ನೆಲೆಸಿದ ಭಾರತೀಯನ ಒಬ್ಬ ಹೆಂಡತಿಗೆ ಹಾಗೂ ಆಕೆಯ ಅಪ್ರಾಪ್ತ ಮಕ್ಕಳಿಗೆ ಪ್ರವೇಶ ದೊರೆಯಿತು. ಭಾರತೀಯ ಧರ್ಮಗಳ ಪುರೋಹಿತರನ್ನು ವಿವಾಹಾಧಿಕಾರಿಗಳಾಗಿ ನೇಮಿಸಲು ಅವಕಾಶವಾಯಿತು. 3 ಪೌಂಡ್ ತೆರಿಗೆ ರದ್ದಾಯಿತು. ಜುಲೈನಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾವನ್ನು ಬಿಟ್ಟು ಹೊರಟರು.

ಆದರೆ ಈ ಗೆಲುವಿಗೆ ಮಿತಿಯಿತ್ತು. ಗಡಿಯಲ್ಲಿ ಹೆಂಡತಿಯೆನಿಸಿದವಳು ಉಳಿದ ಕಾನೂನುಗಳ ಕಣ್ಣಿಗೂ ಹೆಂಡತಿಯಾಗಲಿಲ್ಲ. ನೋಂದಣಿಯಾಗದ ಧಾರ್ಮಿಕ ಮದುವೆಗೆ ಮಾನ್ಯತೆ ಕೊಡಲು 1917ರ ಸೀದತ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ವರ್ಣಭೇದ ಸರ್ಕಾರವಂತೂ 1953ರ ತಿದ್ದುಪಡಿಯ ಮೂಲಕ ಭಾರತದಿಂದ ವಧುಗಳನ್ನು ಕರೆತರುವ ದಾರಿಯನ್ನೇ ಮುಚ್ಚಿತು. ಮುಸ್ಲಿಂ ಮದುವೆಗಳಿಗೆ ಮಾನ್ಯತೆ ನೀಡದ ವಿವಾಹ ಮತ್ತು ವಿಚ್ಛೇದನ ಕಾನೂನುಗಳು ಸಂವಿಧಾನಬಾಹಿರವೆಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಹೇಳಿದ್ದು 2022ರಲ್ಲಿ, ಸರ್ಲ್ ತೀರ್ಪು ಬಂದು ನೂರು ವರ್ಷ ಕಳೆದ ಮೇಲೆ.