ಪ್ರತಿಕಾಯಗಳ ನೆರವಿನಿಂದ ಪ್ರೋಟೀನು ಮಾಪನ: ಒಂದು ಚಾರಿತ್ರಿಕ ವಿವೇಚನೆ

ಪ್ರಾಣಿಗಳ ರಕ್ತರಸದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಪ್ರೋಟೀನುಗಳನ್ನು ಅಳೆಯಲು 96 ಗುಳಿಗಳ ತಟ್ಟೆಯನ್ನೊಳಗೊಂಡ ಕಿಟ್‌ಗಳು ಇಂದು ಪ್ರಯೋಗಶಾಲೆಗಳಲ್ಲಿ ಸರ್ವಸಾಮಾನ್ಯವಾಗಿವೆ. ಅವು ನೀಡುವ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಅರಿಯಬೇಕಾದರೆ ಆ ವಿಧಾನವು ಬೆಳೆದುಬಂದ ಬಗೆಯನ್ನು ನೋಡಬೇಕು. ಪ್ರಕೃತ ಲೇಖನದಲ್ಲಿ ನಾವು ಅದನ್ನೇ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ದೇಹವನ್ನು ಹೊಕ್ಕ ವಿಷವನ್ನು ನಿರೋಧಿಸುವ ವಸ್ತುವು ರಕ್ತರಸದಲ್ಲಿ ಹುಟ್ಟುವುದೆಂದು ಬೇರಿಂಗ್ ಮತ್ತು ಕಿಟಸಾಟೊ ಅವರು 1890ರಲ್ಲಿಯೇ ತೋರಿಸಿದ್ದರು. ಆದರೆ ಇನ್ಸುಲಿನ್ನಿನಂತಹ ಸಣ್ಣ ಪ್ರೋಟೀನು ಪ್ರತಿಕಾಯಗಳನ್ನು ಹುಟ್ಟಿಸಲಾರದೆಂಬ ಅಭಿಪ್ರಾಯವು ಬಹುಕಾಲ ಪ್ರಬಲವಾಗಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಯೋಧರ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ರೋಸಲಿನ್ ಯಾಲೋ ಮತ್ತು ವೈದ್ಯ ಸಾಲೊಮನ್ ಬರ್ಸನ್ ಅವರು ವಿಕಿರಣಶೀಲ ಅಯೋಡಿನ್ನಿನಿಂದ ಗುರುತು ಮಾಡಿದ ಇನ್ಸುಲಿನ್ನನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಪ್ರಾಣಿಗಳ ಇನ್ಸುಲಿನ್ನನ್ನು ಮೊದಲೇ ಪಡೆಯುತ್ತಿದ್ದವರ ರಕ್ತದಿಂದ ಅದು ತಡವಾಗಿ ಮರೆಯಾಗುತ್ತಿತ್ತು. ಪ್ರತಿಕಾಯಗಳು ಅದನ್ನು ಹಿಡಿದಿಟ್ಟಿವೆಯೆಂದು ಅವರು ನಿರ್ಣಯಿಸಿದರು. ಲೇಖನವು ಮೊದಲು ತಿರಸ್ಕೃತವಾಯಿತು. ಶೀರ್ಷಿಕೆಯಿಂದ 'ಪ್ರತಿಕಾಯ' ಎಂಬ ಪದವನ್ನು ಕೈಬಿಟ್ಟ ಬಳಿಕವೇ 1956ರಲ್ಲಿ ಪ್ರಕಟವಾಯಿತು.

ಆ ಪದದಲ್ಲಿಯೇ ಮಾಪನದ ಬೀಜವಿತ್ತು. ಪ್ರತಿಕಾಯದ ಪ್ರಮಾಣವನ್ನು ಮಿತಗೊಳಿಸಿದರೆ, ಗುರುತುಳ್ಳ ಇನ್ಸುಲಿನ್ನೂ ಮಾದರಿಯಲ್ಲಿನ ಇನ್ಸುಲಿನ್ನೂ ಅದಕ್ಕಾಗಿ ಸ್ಪರ್ಧಿಸುವುವು. ಮಾದರಿಯಲ್ಲಿ ಇನ್ಸುಲಿನ್ ಹೆಚ್ಚಿದ್ದಷ್ಟೂ ಬಂಧಿತವಾದ ವಿಕಿರಣ ಕಡಿಮೆ. 1959-60ರಲ್ಲಿ ಈ ಕ್ರಮದಿಂದ ಮಾನವ ರಕ್ತದ ಇನ್ಸುಲಿನ್ನನ್ನು ಅಳೆದರು. ಬರ್ಸನ್ 1972ರಲ್ಲಿ ನಿಧನರಾದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು.

ವಿಕಿರಣವಸ್ತುವಿನ ಬಳಕೆ ಎಲ್ಲೆಡೆಯೂ ಸುಲಭವಾಗಿರಲಿಲ್ಲ. 1971ರಲ್ಲಿ ಸ್ಟಾಕ್‌ಹೋಮಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಅವರು ಗುರುತಿಗಾಗಿ ಕಿಣ್ವವನ್ನು ಬಳಸಿ 'ಎಲೈಸಾ' ವಿಧಾನವನ್ನು ಪ್ರಕಟಿಸಿದರು. ಅವರು ಅಳೆದದ್ದು ಮೊಲದ ಇಮ್ಯುನೊಗ್ಲಾಬ್ಯುಲಿನ್ ಪ್ರೋಟೀನನ್ನು. ಅದೇ ವರ್ಷ ನೆದರ್ಲೆಂಡ್ಸಿನ ವಾನ್ ವೀಮನ್ ಮತ್ತು ಸ್ಖೂರ್ಸ್ ಅವರೂ ಸ್ವತಂತ್ರವಾಗಿ ಇಂತಹ ವಿಧಾನವನ್ನು ಕಂಡುಕೊಂಡರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಅವರು ಏಕರೂಪದ ಪ್ರತಿಕಾಯಗಳನ್ನು ತಯಾರಿಸುವ ಮಾರ್ಗ ತೋರಿದ ಮೇಲೆ, ಎಲ್ಲೆಡೆಯೂ ಒಂದೇ ಗುಣದ ಕಿಟ್‌ಗಳು ಸಾಧ್ಯವಾದವು. 2011ರಲ್ಲಿ ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಿತವಾದ ಜಾನುವಾರುಗಳ ರಿಂಡರ್‌ಪೆಸ್ಟ್ ರೋಗದ ಸಮೀಕ್ಷೆಯಲ್ಲಿ ಎಲೈಸಾದ ಪಾತ್ರ ಮಹತ್ತರವಾದುದು. ಬೆಂಗಳೂರಿನ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆಯೂ ಬ್ರುಸೆಲ್ಲೋಸಿಸ್ ಪತ್ತೆಗೆ ಇಂತಹ ಕಿಟ್‌ಗಳನ್ನು ರೂಪಿಸಿದೆ.

ಆದರೆ ಪ್ರತಿಕಾಯವು ಗುರುತಿಸುವುದು ಪ್ರೋಟೀನಿನ ಹೆಸರನ್ನಲ್ಲ, ಆಕಾರವನ್ನು. ಹಸುವಿನ ಇನ್ಸುಲಿನ್ನಿಗೂ ಮಾನವನದಕ್ಕೂ ಇರುವ ಅಂತರ ಮೂರೇ ಅಮೈನೋ ಆಮ್ಲಗಳು. ಆದಕಾರಣ ಹಸುವಿನ ಇನ್ಸುಲಿನ್ನಿನ ವಿರುದ್ಧ ಗಿನಿ ಹಂದಿಗಳಲ್ಲಿ ಬೆಳೆಸಿದ ಪ್ರತಿಕಾಯಗಳು ಮಾನವನದನ್ನೂ ಅಳೆದವು. ಗಿನಿ ಹಂದಿಯ ಸ್ವಂತ ಇನ್ಸುಲಿನ್ನಾದರೋ ತೀರ ಭಿನ್ನ. ಪರಕೀಯವಾದುದರಿಂದಲೇ ಹಸುವಿನ ಇನ್ಸುಲಿನ್ ಅದರಲ್ಲಿ ಪ್ರತಿಕಾಯಗಳನ್ನು ಹೇರಳವಾಗಿ ಹುಟ್ಟಿಸಿತು. ಅದೇ ಪ್ರತಿಕಾಯಗಳಿಂದ ಗಿನಿ ಹಂದಿಯ ರಕ್ತವನ್ನು ಪರೀಕ್ಷಿಸಿದರೆ ಇರುವ ಇನ್ಸುಲಿನ್ನೂ ಇಲ್ಲದಂತೆಯೇ ತೋರುವುದು. ಹೀಗಾಗಿ ಒಂದು ಪ್ರಾಣಿಗಾಗಿ ರಚಿತವಾದ ಕಿಟ್ಟನ್ನು ಇನ್ನೊಂದಕ್ಕೆ ಬಳಸುವ ಮುನ್ನ, ಮಾದರಿಯನ್ನು ಹಂತಹಂತವಾಗಿ ತೆಳುಗೊಳಿಸಿ, ಅದರ ರೇಖೆ ಪ್ರಮಾಣ ರೇಖೆಗೆ ಸಮಾಂತರವಾಗಿದೆಯೇ ಎಂದು ನೋಡುವುದು ಅವಶ್ಯಕ. ಹಾಗೆ ನೋಡದೆ ಪಡೆದ ಅಂಕಿಯನ್ನು ಮಾಪನವೆಂದು ಕರೆಯಲಾಗದೆಂಬುದೇ ಈ ಚರಿತ್ರೆಯಿಂದ ನಮಗೆ ದೊರೆಯುವ ನಿರ್ಣಯ.