ತುಂಗಭದ್ರಾ ಎಡದಂಡೆಯ ಕ್ಯಾಂಪುಗಳು

ಕ್ಯಾಂಪು ಎಂಬುದು ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಲ್ಲಿ 1950ರ ದಶಕದಿಂದೀಚೆಗೆ ಹುಟ್ಟಿಕೊಂಡ ವಲಸಿಗರ ಊರುಗಳಿಗೆ ಸಲ್ಲುವ ಹೆಸರು. ಇವು ಮುಖ್ಯವಾಗಿ ಇಂದಿನ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಹಾಗೂ ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿ ತಾಲ್ಲೂಕುಗಳಲ್ಲಿವೆ. ನಿವಾಸಿಗಳಲ್ಲಿ ಹೆಚ್ಚಿನವರು ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರ ಸಂತತಿಯವರು. ಕ್ಯಾಂಪು ಎಂದರೆ ತಾತ್ಕಾಲಿಕ ಬಿಡಾರ. ಆದರೆ ಮೂರು ತಲೆಮಾರು ಕಳೆದ ಮೇಲೂ, ಶಾಲೆ, ದೇವಾಲಯ, ಅಕ್ಕಿ ಗಿರಣಿಗಳೆಲ್ಲ ಬಂದ ಮೇಲೂ ಈ ಊರುಗಳಿಗೆ ಅದೇ ಹೆಸರು ಉಳಿದಿದೆ.

ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಎರಡು ನದಿಗಳ ಮಧ್ಯೆ ಇದ್ದೂ ಬರಗಾಲಕ್ಕೆ ಹೆಸರಾದ ನಾಡು. ಎರೆ ಭೂಮಿ ಫಲವತ್ತಾದುದೇ, ಆದರೆ ಮಳೆ ಕಡಿಮೆ ಮತ್ತು ನಂಬಲಾಗದ್ದು. ಜೋಳ, ಹತ್ತಿ, ಶೇಂಗಾ ಇಲ್ಲಿಯ ಮುಖ್ಯ ಬೆಳೆಗಳಾಗಿದ್ದವು. ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ, ಮದ್ರಾಸ್ ಪ್ರಾಂತ್ಯದೊಡನೆ ಕೂಡಿ ಹೊಸಪೇಟೆಯ ಸಮೀಪ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ನಿರ್ಧಾರವಾಯಿತು. 1945ರ ಫೆಬ್ರವರಿ 28ರಂದು ನದಿಯ ಎರಡೂ ದಂಡೆಗಳಲ್ಲಿ ಶಂಕುಸ್ಥಾಪನೆ ನಡೆಯಿತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು, 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು, 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಅಡಿಗಲ್ಲು ಬಿದ್ದು ಹನ್ನೆರಡು ವರ್ಷ ತುಂಬುವುದರೊಳಗೆ ಜನರು ಮೂರು ಆಡಳಿತಗಳನ್ನು ಕಂಡರು.

ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಇದನ್ನು ಭತ್ತಕ್ಕಾಗಿ ರೂಪಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಬರದಿಂದ ಕಾಪಾಡುವಷ್ಟು ಅಲ್ಪ ನೀರನ್ನು ಆದಷ್ಟು ಹೆಚ್ಚು ಜಮೀನಿಗೆ ಹಂಚುವುದು ಯೋಜನೆಯ ಉದ್ದೇಶ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಲಾಗಿತ್ತು. ಬಹುಪಾಲು ಭೂಮಿ ಜೋಳ, ಹತ್ತಿ, ಶೇಂಗಾಗಳಂತಹ ಮಿತ ನೀರಾವರಿ ಬೆಳೆಗಳಿಗೆ ಮೀಸಲಾಗಿದ್ದು, ಭತ್ತ ಮತ್ತು ಕಬ್ಬಿಗೆ ದೊರೆತದ್ದು ಸಣ್ಣ ಪಾಲು.

ವಲಸೆ

ಕಾಲುವೆ ಬಂದರೂ ಸ್ಥಳೀಯ ರೈತರಲ್ಲಿ ಅನೇಕರಿಗೆ ಅದನ್ನು ಬಳಸುವ ಅಳವು ಇರಲಿಲ್ಲ. ಭೂಮಿಯನ್ನು ಸಮತಟ್ಟು ಮಾಡಲು, ಮಡಿ ಕಟ್ಟಲು, ಗೊಬ್ಬರ ಕೊಳ್ಳಲು ಬಂಡವಾಳ ಬೇಕಾಗಿತ್ತು. ದೊಡ್ಡ ಹಿಡುವಳಿದಾರರಿಗೆ 1950ರ ಹೈದರಾಬಾದ್ ಗೇಣಿ ಕಾಯ್ದೆಯ ಅಂಜಿಕೆಯೂ ಇತ್ತು. ಅತ್ತ ಗೋದಾವರಿ, ಕೃಷ್ಣಾ ಮುಖಜ ಭೂಮಿಗಳಲ್ಲಿ ಸ್ಥಿತಿ ಬೇರೆ. ಅಲ್ಲಿ 1852 ಮತ್ತು 1855ರಲ್ಲಿ ಮುಗಿದ ಆಣೆಕಟ್ಟುಗಳಿಂದ ನೂರು ವರ್ಷ ಭತ್ತ ಬೆಳೆದ ಅನುಭವವಿತ್ತು, ಭೂಮಿಯ ಬೆಲೆ ಗಗನಕ್ಕೇರಿತ್ತು, ಹಿಸ್ಸೆಯಾಗಿ ಹಿಸ್ಸೆಯಾಗಿ ಹಿಡುವಳಿ ಕಿರಿದಾಗಿತ್ತು. ಅಲ್ಲಿಯ ಒಂದೆರಡು ಎಕರೆ ಮಾರಿದ ಹಣದಲ್ಲಿ ಇಲ್ಲಿ ಹಲವು ಎಕರೆ ಕೊಳ್ಳಬಹುದಾಗಿತ್ತು. ಮೊದಲು ಬಂದವರು ಬಂಧುಗಳನ್ನೂ ಊರಿನವರನ್ನೂ ಕರೆಸಿಕೊಂಡರು. ಹಳೆಯ ಊರಿನೊಳಗೆ ಮನೆ ಮಾಡದೆ ಹೊಲದ ಬದಿಯಲ್ಲಿ, ಕಾಲುವೆಯ ಹತ್ತಿರ ಗುಡಿಸಲು ಹಾಕಿಕೊಂಡರು. ಹೀಗೆ ಮೂಲ ಗ್ರಾಮಗಳ ಪಕ್ಕದಲ್ಲಿಯೇ ಕ್ಯಾಂಪುಗಳು ಎದ್ದವು. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರ, ಸಿಂಧನೂರು ತಾಲ್ಲೂಕಿನ ಗಾಂಧಿನಗರ ಹೆಸರಾಂತ ನೆಲೆಗಳು.

ಇವರನ್ನು ಅಮೆರಿಕದ ಮಾರ್ಮನ್ ವಲಸಿಗರೊಡನೆ ಹೋಲಿಸಿ ನೋಡಬಹುದು. ಬ್ರಿಗ್‌ಹ್ಯಾಮ್ ಯಂಗ್ ನಾಯಕತ್ವದಲ್ಲಿ 1847ರ ಜುಲೈ ತಿಂಗಳಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ತಲುಪಿದ ಆ ಸಮುದಾಯದವರು ಬಂದ ಕೂಡಲೇ ತೊರೆಯ ನೀರನ್ನು ತಿರುಗಿಸಿ ಒಣನೆಲಕ್ಕೆ ಹಾಯಿಸಿ ಬಿತ್ತನೆ ಮಾಡಿದರು. ಒಣನಾಡಿನಲ್ಲಿ ಕಾಲುವೆಯ ಸುತ್ತ ಊರು ಕಟ್ಟಿದ್ದು ಎರಡೂ ಕಡೆಯ ಸಾಮ್ಯ. ಆದರೆ ಅವರು ಮತದ ಕಾರಣಕ್ಕೆ ಕಿರುಕುಳ ಅನುಭವಿಸಿ ಓಡಿಬಂದವರು, ಇವರು ಭೂಮಿಯನ್ನು ಅರಸಿ ಬಂದವರು. ಅವರು ತಾವೇ ಕಾಲುವೆ ತೋಡಿದರು, ಇಲ್ಲಿ ಸರ್ಕಾರ ತೋಡಿತ್ತು. ಎರಡೂ ಕಡೆ ಮೊದಲಿನಿಂದ ಇದ್ದವರ ಕಥೆ ಹಿನ್ನೆಲೆಗೆ ಸರಿದಿದೆ. ಅಲ್ಲಿ ಯೂಟ್ ಮತ್ತು ಶೋಶೋನಿ ಜನರು ನೆಲೆ ಕಳೆದುಕೊಂಡರು. ಇಲ್ಲಿ ಬಲಾತ್ಕಾರವಿರಲಿಲ್ಲ, ಕ್ರಯಪತ್ರವಿತ್ತು. ಆದರೂ ಅಗ್ಗಕ್ಕೆ ಮಾರಿದ ಹೊಲದಲ್ಲಿಯೇ ಮುಂದೆ ಕೂಲಿಗೆ ನಿಂತವನ ನೋವು ಕ್ರಯಪತ್ರದಿಂದ ಅಳಿಯುವಂಥದ್ದಲ್ಲ.

ನಿರಾಶ್ರಿತರ ಕ್ಯಾಂಪುಗಳು

ಓಡಿಬಂದವರೂ ಈ ಪ್ರದೇಶದಲ್ಲಿ ಇದ್ದಾರೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಿತು. ಇವು ಇಂದಿಗೂ ಆರ್.ಎಚ್. ಕ್ಯಾಂಪ್ 1, 2 ಎಂದು ಸಂಖ್ಯೆಗಳಿಂದಲೇ ಕರೆಸಿಕೊಳ್ಳುತ್ತವೆ. ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಕಲಿತು ಬೆಳೆದರು. ಪೌರತ್ವದ ಪ್ರಶ್ನೆ ಹಲವರ ಪಾಲಿಗೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ 2024ರಲ್ಲಿ ಇಲ್ಲಿಯ ಕೆಲವರಿಗೆ ಪ್ರಮಾಣಪತ್ರ ದೊರೆಯಿತು.

ಭತ್ತ ಮತ್ತು ಕೊನೆಯಂಚು

ವಲಸಿಗರು ತಂದ ಮುಖ್ಯ ಸಂಗತಿ ಭತ್ತ. ಅವರ ಶ್ರಮ ಮತ್ತು ಕೌಶಲದಿಂದ ಗಂಗಾವತಿ, ಸಿಂಧನೂರುಗಳು ಭತ್ತದ ಕಣಜವೆನಿಸಿದವು. ಸೋನಾ ಮಸೂರಿ ಅಕ್ಕಿ ಇಲ್ಲಿಂದ ದೂರದೂರಿಗೆ ಹೋಗುತ್ತದೆ. ಇವರನ್ನು ಕಂಡು ಸ್ಥಳೀಯರೂ ಭತ್ತಕ್ಕೆ ತಿರುಗಿದರು. ಆದರೆ ಜೋಳಕ್ಕೆ ಬೇಕಾಗುವ ನೀರಿಗಿಂತ ಭತ್ತಕ್ಕೆ ಹಲವು ಪಟ್ಟು ಹೆಚ್ಚು ನೀರು ಬೇಕು. ಕಾಲುವೆಯ ಮೇಲ್ಭಾಗದವರು ನಿಗದಿಯನ್ನು ಮೀರಿ ನೀರು ಹಾಯಿಸಿಕೊಂಡಂತೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಯಂಚಿನ ರೈತರಿಗೆ ನೀರು ತಲುಪದಾಯಿತು. ಕಾಲುವೆಯಲ್ಲಿ ಗೇಜ್ ಕಾಯ್ದುಕೊಳ್ಳಬೇಕೆಂದು ರೈತರು ರಸ್ತೆಗಿಳಿಯುವುದು ರಾಯಚೂರು ಜಿಲ್ಲೆಯ ವಾಡಿಕೆಯೇ ಆಗಿದೆ.

ಇದರ ಹೊಣೆಯನ್ನು ಕ್ಯಾಂಪಿನವರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ನಿಯಮ ಮೀರಿದ ಭತ್ತದ ಗದ್ದೆಗಳು ಹಳೆಯ ಊರಿನವರವೂ ಇವೆ. ನಿಗದಿಯನ್ನು ಕಾಗದದಲ್ಲಿ ಬರೆದು ಜಾರಿಗೆ ತಾರದ ಆಡಳಿತದ ಪಾಲೂ ಇದೆ. ಅತಿಯಾದ ನೀರಿನಿಂದ ಮೇಲ್ಭಾಗದ ಎಷ್ಟೋ ಎರೆ ಭೂಮಿ ಸವಳು ಜವಳಾಗಿದೆ. ಇತ್ತ ಜಲಾಶಯವೂ ಹೂಳಿನಿಂದ ಕುಗ್ಗುತ್ತಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಈಗ 106 ಟಿಎಂಸಿ ಅಡಿಯ ಆಸುಪಾಸಿನಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ತಲ್ಲಣಿಸಿತು.

ಗ್ರಾಮ ಸ್ಥಾನಮಾನ

ಕ್ಯಾಂಪುಗಳಲ್ಲಿ ಅನೇಕವು ದಾಖಲೆಯಲ್ಲಿ ಸ್ವತಂತ್ರ ಗ್ರಾಮಗಳಾಗಿರಲಿಲ್ಲ. ಮನೆ ಕಟ್ಟಿದ ಜಾಗ ಕಾಗದದಲ್ಲಿ ಹೊಲವಾಗಿಯೇ ಉಳಿದಿತ್ತು. ತಾಂಡಾ, ಹಟ್ಟಿ, ಕ್ಯಾಂಪು ಮೊದಲಾದ ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿಸಲು ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತರಲಾಗಿದೆ.

ದೇವದುರ್ಗ ಮತ್ತು ಗಬ್ಬೂರು

ದೇವದುರ್ಗ ತಾಲ್ಲೂಕಿನ ಬಹುಭಾಗ ತುಂಗಭದ್ರೆಯ ಕಾಲುವೆಯ ನೀರಿನಿಂದ ಹೊರಗುಳಿಯಿತು. ಹಳೆಯ ದೇವಾಲಯಗಳಿಗೂ ಶಾಸನಗಳಿಗೂ ಹೆಸರಾದ ಗಬ್ಬೂರು ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ನೆರೆಯ ಮಾನ್ವಿಯಲ್ಲಿ ಹೊರನಾಡಿನವರು ಬಂದು ನೆಲೆಯೂರುತ್ತಿದ್ದ ಕಾಲದಲ್ಲಿ ದೇವದುರ್ಗ ಭಾಗದ ಬಡವರು ಬೇಸಗೆಯಲ್ಲಿ ಗುಳೆ ಹೋಗುತ್ತಿದ್ದರು. ಗುಳೆ ಇನ್ನೂ ನಿಂತಿಲ್ಲ, ದಾರಿ ಮಾತ್ರ ಬೆಂಗಳೂರು, ಪುಣೆಗಳವರೆಗೆ ಉದ್ದವಾಗಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಈ ಕಡೆಗೂ ನೀರು ಬಂದಿತು, ಅದರ ಹಿಂದೆಯೇ ಭತ್ತವೂ ಬಂದಿತು. ಇಲ್ಲಿಯೂ ಕೊನೆಯಂಚಿನ ರೈತರು ಈಗ ಸರದಿಯ ನೀರಿಗೆ ಕಾಯುತ್ತಾರೆ.